ವಾರ್ಡ್ ಸಭೆಗೆ ಮಾತು ನಡೆಸಿಕೊಡುವವರು ಬೇಕು

ಮಾನ್ಯ ಸಂಪಾದಕರೆ,

ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಇಲ್ಲದೆ ಸಭೆ ಮುಂದಕ್ಕೆ ಹೋಯಿತು ಎಂಬ ಸುದ್ದಿ ಬಂದಾಗಲೆಲ್ಲ ಬೈಸಿಕೊಳ್ಳುವವರು ಊರಿನ ಜನ. ಗ್ರಾಮ ಪಂಚಾಯತಿಯ ಒಂದು ವಾರ್ಡಿನ ಮತದಾರರು ಸೇರುವ ವಾರ್ಡ್ ಸಭೆಗೆ ಬೇಕಾದ ಕೋರಂ ದೊಡ್ಡದೇನಲ್ಲ: ಆ ಮತದಾರರಲ್ಲಿ ಹತ್ತನೇ ಒಂದು ಭಾಗ ಇಲ್ಲವೇ 20 ಜನ, ಯಾವುದು ಕಡಿಮೆಯೋ ಅದು. ಬೆಳಿಗ್ಗೆ 11ಕ್ಕೆ ಕರೆದರೆ ಆ 20 ಜನವೂ ಹೊಲದಲ್ಲಿರುತ್ತಾರೆ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಂತೂ ಕೇಳುವುದೇ ಬೇಡ.

ಬಂದವರಾದರೂ ಮಾತಾಡುವುದು ಎಲ್ಲಿ? ಮೈಕು ವೇದಿಕೆ ಬಿಟ್ಟು ಇಳಿಯುವುದಿಲ್ಲ. ಇಲಾಖೆಯವರು ಯೋಜನೆ ಓದುವಷ್ಟರಲ್ಲಿ ಒಂದೂವರೆ ತಾಸು ಹೋಗಿರುತ್ತದೆ. ಉಳಿದದ್ದು ಮನೆ ಹಂಚಿಕೆಯ ಯಾದಿಗೆ ಜಗಳ. ಹೆಣ್ಣುಮಕ್ಕಳು ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಗುಡಿಕಟ್ಟೆಯ ಹಿಂದಿನಿಂದಲೇ ಮನೆ ಸೇರುತ್ತಾರೆ. ಕೆಲವೆಡೆ ಠರಾವು ಬರೆಯುವುದು ಆಮೇಲೆ, ಕಚೇರಿಯಲ್ಲಿ, ಸಹಿಗಳ ಮೇಲೆ ಉಳಿಸಿಕೊಂಡ ಖಾಲಿ ಜಾಗದಲ್ಲಿ.

ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಂವಹನ ಪ್ರಾಧ್ಯಾಪಕ ಮಾರ್ಟಿನ್ ಕಾರ್ಕಸನ್ 2006ರಲ್ಲಿ ಸಾರ್ವಜನಿಕ ಚರ್ಚೆಗೆಂದೇ ಒಂದು ಕೇಂದ್ರ ಕಟ್ಟಿದರು. ಅಲ್ಲಿನ ವಿದ್ಯಾರ್ಥಿಗಳು ವರದಿ ಮಾಡಲು ಹೋಗುವವರಲ್ಲ. ತರಬೇತಿ ಪಡೆದು, ಯಾರ ಕಡೆಗೂ ವಾಲದೆ, ಊರವರ ಮಾತು ನಡೆಸಿಕೊಡುತ್ತಾರೆ. ನಮ್ಮಲ್ಲಿ ಗದಗಕ್ಕೆ ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಬಂದಿದೆ, ಧಾರವಾಡದಲ್ಲಿ ಪತ್ರಿಕೋದ್ಯಮ ಕಲಿಯುವ ಹುಡುಗ–ಹುಡುಗಿಯರಿದ್ದಾರೆ. ಇನ್ನೇನು ಅಡ್ಡಿ?

ಸಭೆ ಸಂಜೆ 7ಕ್ಕೆ ಇರಲಿ. ಎಂಟ್ಹತ್ತು ಜನ ದುಂಡಗೆ ಕೂರಲಿ. ಒಂದೊಂದು ಗುಂಪಿಗೆ ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಮಾತು ನಡೆಸಲು, ಇನ್ನೊಬ್ಬರು ಎಲ್ಲರಿಗೂ ಕಾಣುವಂತೆ ದಪ್ಪ ಅಕ್ಷರದಲ್ಲಿ ಬರೆಯಲು. ಎಲ್ಲರೂ ಎರಡೆರಡು ನಿಮಿಷ ಮಾತಾಡಿ ಮುಗಿಯುವ ತನಕ ಯಾರಿಗೂ ಎರಡನೇ ಸರದಿ ಇಲ್ಲ, ಅಧ್ಯಕ್ಷರಿಗೂ ಇಲ್ಲ. ‘ಗಟಾರ ಬೇಕೇ?’ ಎಂದು ಕೇಳಬಾರದು, ಬೇಡ ಅನ್ನುವವರು ಯಾರಿದ್ದಾರೆ? ‘ಇರುವುದು ಇಷ್ಟೇ ದುಡ್ಡು, ಗಟಾರ ಮೊದಲೋ, ಕೇರಿಯ ನೀರಿನ ಪೈಪು ಮೊದಲೋ?’ ಎಂದು ಕೇಳಿದರೆ ಕಾರಣಗಳು ಹೊರಬೀಳುತ್ತವೆ.

ಇಲ್ಲೊಂದು ಎಚ್ಚರ. ವಾಲಬಾರದು ಎಂದರೆ ತೀರ್ಮಾನದ ವಿಷಯದಲ್ಲಿ, ಯಾರು ಮಾತಾಡಬೇಕು ಎಂಬುದರಲ್ಲಿ ಅಲ್ಲ. ಗೌಡರ ಎದುರು ಕೂಲಿಯವರು ಬಾಯಿ ಬಿಡುವುದಿಲ್ಲ. ಹಾಗಾಗಿ ಮೊದಲು ಕೇರಿಯಲ್ಲೇ ಜನವಸತಿ ಸಭೆ, ಅಂದರೆ ಅಲ್ಲಿ ವಾಸಿಸುವವರದೇ ಸಭೆ, ಆಗಬೇಕು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಗೆ ಆದ 2015ರ ತಿದ್ದುಪಡಿಯಲ್ಲಿ ಅದಕ್ಕೆ ಅವಕಾಶವಿದೆ. ಅಲ್ಲಿ ಬರೆದ ಹಾಳೆಯನ್ನು ವಾರ್ಡ್ ಸಭೆಯಲ್ಲಿ ವಿದ್ಯಾರ್ಥಿಯೇ ಓದಲಿ.

ಕೊನೆಗೆ ಠರಾವನ್ನು ಅಲ್ಲೇ ಗಟ್ಟಿಯಾಗಿ ಓದಿ, ಕೊನೆಯ ಸಾಲಿಗೆ ತಾಗಿಸಿ ಸಹಿ ಹಾಕಿಸಿ, ಆ ಪುಟದ ಫೋಟೊವನ್ನು ಅದೇ ರಾತ್ರಿ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು.

– ಪಂಚಾಯತಿ ತರಬೇತುದಾರರು, ಗದಗ