ಕೊಡುವ ಕೈಗಳ ಬಗ್ಗೆ ಬರೆಯುವ ಮಗಳಿಗೆ

ದಾವಣಗೆರೆ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ,

ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಚಿತ್ರದುರ್ಗದಲ್ಲಿ ನೀನು, ಅಳಿಯಂದಿರು, ಪುಟ್ಟ, ನಿನ್ನ ಅತ್ತೆ ಮಾವನವರು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ.

ನೀನು ನೌಕರಿ ಬಿಟ್ಟು, ಮನೆಯಲ್ಲಿದ್ದುಕೊಂಡೇ ಪತ್ರಿಕೆಗಳಿಗೂ ಸಂಘ ಸಂಸ್ಥೆಗಳಿಗೂ ಬರೆದುಕೊಡುವ ಕೆಲಸ ಹಿಡಿದಿದ್ದೀಯೆ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಅವನ ದನಿಯಲ್ಲಿ ಚಿಂತೆಯಿತ್ತು. ನನಗೆ ಅಂಥ ಚಿಂತೆಯಿಲ್ಲ. ನೀನು ಕಳುಹಿಸಿದ ಎರಡು ಬರಹಗಳನ್ನೂ ಓದಿದೆ. ಭಾಷೆ ತಿಳಿಯಾಗಿದೆ, ಎಲ್ಲಿಯೂ ಎಡವದೆ ಓದಿಸಿಕೊಂಡು ಹೋಗುತ್ತದೆ. ಆದರೆ ಶಾಲೆಯ ಮಕ್ಕಳಿಗೆ ಚೀಲ ಹಂಚಿದ ಟ್ರಸ್ಟಿನ ಬಗ್ಗೆ ಬರೆದದ್ದನ್ನು ಓದಿದ ಮೇಲೆ, ಫೋನಿನಲ್ಲಿ ನಾಲ್ಕು ಮಾತು ಹೇಳಿ ಮುಗಿಸುವ ವಿಷಯವಲ್ಲ ಇದು ಎನ್ನಿಸಿತು.

ಅದರಲ್ಲಿ ದಾನಿಗಳ ಹೆಸರಿದೆ, ಖರ್ಚಿನ ಮೊತ್ತವಿದೆ, ಅವರ ತೀರಿಕೊಂಡ ತಂದೆಯವರ ಗುಣಗಾನವಿದೆ. ಚೀಲ ಪಡೆದ ಹುಡುಗಿಯ ಬಗ್ಗೆ ಇರುವುದು ಎರಡೇ ಸಾಲು: ಅಪ್ಪ ಕುಡುಕ, ಅವ್ವ ಮನೆಗೆಲಸಕ್ಕೆ ಹೋಗುತ್ತಾಳೆ. ಜೊತೆಗೆ ಅವಳ ಹೆಸರು, ತರಗತಿ, ಚೀಲ ಎದೆಗವಚಿಕೊಂಡು ನಿಂತ ಫೋಟೋ. ಆ ಎರಡು ಸಾಲನ್ನು ನೀನು ಕೆಟ್ಟ ಮನಸ್ಸಿನಿಂದ ಬರೆದಿಲ್ಲ, ಓದುವವರ ಮನ ಕರಗಲಿ ಎಂದು ಬರೆದಿದ್ದೀಯೆ. ಆದರೂ ಅವು ಅಲ್ಲಿ ಇರಬಾರದು.

ನಿವೃತ್ತಿಯಾಗುವವರೆಗೂ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಜೂನ್ ತಿಂಗಳು ಬಂತೆಂದರೆ ನೋಟ್‌ಬುಕ್ ಕೊಡುವವರು ಬರುತ್ತಿದ್ದರು. ಅವರಲ್ಲಿ ಬಹುಮಂದಿ ಒಳ್ಳೆಯವರೇ, ಆ ಪುಸ್ತಕಗಳು ಇಲ್ಲದಿದ್ದರೆ ನಮ್ಮ ಎಷ್ಟೋ ಮಕ್ಕಳಿಗೆ ಬರೆಯಲು ಹಾಳೆಯೇ ಇರುತ್ತಿರಲಿಲ್ಲ. ಒಂದು ವರ್ಷ ಬಂದ ಪುಸ್ತಕಗಳ ರಟ್ಟಿನ ತುಂಬ ದಾನಿಯವರ ಭಾವಚಿತ್ರವಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಮರುದಿನವೇ ಎಲ್ಲ ಪುಸ್ತಕಗಳಿಗೂ ಹಳೆಯ ದಿನಪತ್ರಿಕೆಯಿಂದ ಬೈಂಡ್ ಹಾಕಿಕೊಂಡು ಬಂದಳು. ಗೋಂದು ಇಲ್ಲದೆ ಅನ್ನದ ಅಗುಳಿನಿಂದ ಮೆತ್ತಿದ್ದಳು. ತಿದ್ದಲು ಕೈಗೆತ್ತಿಕೊಂಡಾಗ ಒಂದು ಮೂಲೆ ಬಿಟ್ಟುಕೊಂಡು ದಾನಿಯವರ ಪೇಟದ ಜರಿ ಅಂಚು ಮಾತ್ರ ಹೊರಗೆ ಇಣುಕುತ್ತಿತ್ತು. "ಹೊಸ ಪುಸ್ತಕ, ರಟ್ಟೂ ಗಟ್ಟಿಯಾಗಿದೆ, ಯಾಕಮ್ಮ ಮುಚ್ಚಿದೆ?" ಎಂದು ಕೇಳಿದೆ. "ಟ್ಯೂಷನ್ನಿನಲ್ಲಿ ತೆಗೆದರೆ ಎಲ್ಲರಿಗೂ ಗೊತ್ತಾಗುತ್ತದೆ ಮಿಸ್," ಎಂದಳು.

ಪುಸ್ತಕ ಹಂಚಿದ ಸುದ್ದಿ ಮರುದಿನ ಪತ್ರಿಕೆಯಲ್ಲಿ ಬಂದಿತ್ತು. ಈ ಮಾತು ಎಲ್ಲಿಯೂ ಬರಲಿಲ್ಲ. ದಾನದ ಬಗ್ಗೆ ಬರೆಯುವುದನ್ನೇ ಕಸುಬು ಮಾಡಿಕೊಳ್ಳುತ್ತಿರುವ ನಿನ್ನ ಕಣ್ಣಿಗೆ ಮೊದಲು ಬೀಳಬೇಕಾದದ್ದು ಆ ಬೈಂಡ್ ಹಾಳೆ. ಕೊಟ್ಟವರು ವೇದಿಕೆಯ ಮೇಲಿರುತ್ತಾರೆ, ಅವರನ್ನು ಮಾತನಾಡಿಸುವುದು ಸುಲಭ. ಪಡೆದವರು ಅದನ್ನು ಮನೆಗೆ ಒಯ್ದು ಏನು ಮಾಡಿದರು, ನೆರೆಯವರಿಗೆ ಏನೆಂದು ಹೇಳಿದರು, ಅದರಿಂದ ನಿಜವಾಗಿ ಏನು ನೀಗಿತು ಎಂಬುದನ್ನು ತಿಳಿಯಲು ಎರಡನೆಯ ಸಲ ಹೋಗಬೇಕಾಗುತ್ತದೆ. ಆ ಎರಡನೆಯ ಸಲ ಹೋಗುವವರು ತೀರ ಕಡಿಮೆ.

ನಾನು ಹೇಳಬೇಕೆಂದಿರುವುದು ಇಷ್ಟೆ. ನೀನು ಯಾರ ಬಗ್ಗೆ ಬರೆದೆಯೋ ಅವರ ಮನೆಯ ಜಗಲಿಯ ಮೇಲೆ ಕುಳಿತು, ಅವರೆದುರಿಗೇ ಅದನ್ನು ಗಟ್ಟಿಯಾಗಿ ಓದಲು ನಿನ್ನಿಂದ ಆಗಬೇಕು. ಓದುತ್ತ ಓದುತ್ತ ಎಲ್ಲಿ ನಿನ್ನ ದನಿ ತಾನಾಗಿ ತಗ್ಗುತ್ತದೆಯೋ, ಆ ಸಾಲನ್ನು ತೆಗೆದುಹಾಕು.

ಇದಕ್ಕೆ ಕಾನೂನೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನ ಪ್ರಕಾರ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ, ಹೀಗೆ ಗುರುತು ಸಿಗುವಂಥ ಏನನ್ನೂ ಪ್ರಕಟಿಸುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಸೆರೆ, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮುಂದೆ ಬಾಲಮಂದಿರಗಳಿಗೆ, ಅನಾಥ ಮಕ್ಕಳ ಆಶ್ರಮಗಳಿಗೆ ಹೋಗುವ ಸಂದರ್ಭ ನಿನಗೆ ಖಂಡಿತ ಬರುತ್ತದೆ. ಆಗ ಅಲ್ಲಿಯ ಆಡಳಿತದವರೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಫೋಟೋ ತೆಗೆದುಕೊಳ್ಳಿ ಮೇಡಂ" ಎಂದರೂ ತೆಗೆಯಬೇಡ. ತಂದೆ ತಾಯಿಯರ ಜೊತೆಯಲ್ಲಿಯೇ ಇರುವ ಬಡಮಕ್ಕಳಿಗೆ ಆ ಕಲಂ ಅನ್ವಯಿಸದೆ ಇರಬಹುದು. ಹಾಗೆಂದು ಅವರ ಮಾನವೇನೂ ಅಗ್ಗವಲ್ಲ. ಆ ಬರಹ ಇನ್ನೂ ಅಚ್ಚಿಗೆ ಹೋಗಿಲ್ಲವೆಂದು ಅಣ್ಣ ಹೇಳಿದ. ಇವತ್ತೇ ಸಂಪಾದಕರಿಗೆ ಫೋನ್ ಮಾಡಿ ಹೆಸರು, ಫೋಟೋ, ಆ ಎರಡು ಸಾಲು ಮೂರನ್ನೂ ತೆಗೆಸಿಬಿಡು.

ಇನ್ನು ನಿನ್ನ ಸಂಸಾರದ ಬರಹದ ಮಾತು. ಮದುವೆಯಾದ ಹೊಸದರಲ್ಲಿ ಅತ್ತೆಯವರು ನಿನ್ನ ಸಂಬಳದ ಲೆಕ್ಕ ಕೇಳಿದ ಪ್ರಸಂಗವನ್ನು ಬರೆದಿದ್ದೀಯೆ. ಅವರ ಹೆಸರು ಹಾಕಿಲ್ಲ, ನಿಜ. ಆದರೆ ಬರಹದ ಕೆಳಗೆ ನಿನ್ನ ಹೆಸರಿದೆ, ನಿನಗಿರುವುದು ಒಬ್ಬರೇ ಅತ್ತೆ. ಅವರಿಗೆ ಅದನ್ನು ಓದಿ ಹೇಳಿದ್ದೀಯಾ? ಓದಿ ಹೇಳಿದರೆ, ಆ ಕಾಲದಲ್ಲಿ ಮನೆಯ ಮೇಲೆ ಎಷ್ಟು ಸಾಲವಿತ್ತು, ಯಾರಿಗೂ ಹೇಳದೆ ಯಾವ ಒಡವೆಯನ್ನು ಅಡವಿಟ್ಟಿದ್ದರು ಎಂಬುದನ್ನು ಅವರೂ ಹೇಳಬಹುದು. ಆಗ ನಿನ್ನ ಬರಹದಲ್ಲಿ ಒಬ್ಬ ಗದರುವ ಅತ್ತೆಯ ಬದಲು ಒಂದು ಇಡೀ ಮನೆ ಕಾಣಿಸುತ್ತದೆ. ಅವರು ಬೇಡವೆಂದರೆ ಬಿಟ್ಟುಬಿಡು, ಬರೆಯಲು ಬೇರೆ ಸಾವಿರ ಸಂಗತಿಗಳಿವೆ. ಪುಟ್ಟನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವನ ಹಾಸಿಗೆ ಒದ್ದೆಯಾಗುವುದು, ಹಟ, ಭಯ ಎಲ್ಲವೂ ಇವತ್ತು ನಿನಗೆ ಮುದ್ದು. ಹೈಸ್ಕೂಲಿಗೆ ಬಂದಾಗ ಅವನ ಗೆಳೆಯರು ಅದನ್ನೇ ಮೊಬೈಲಿನಲ್ಲಿ ಹುಡುಕಿ ಓದುತ್ತಾರೆ. ಅವನು ಇವತ್ತು ಒಪ್ಪಿಗೆ ಕೊಡಲಾರ, ಅವನ ಪರವಾಗಿ ನೀನೇ ಇಲ್ಲ ಎನ್ನಬೇಕು.

ಸಂಸಾರದ ಬಗ್ಗೆ ಬರೆಯಬೇಡ ಎನ್ನುತ್ತಿಲ್ಲ. ನಿನ್ನ ಅಜ್ಜಿಯ, ಎಂದರೆ ನಮ್ಮವ್ವನ ಟ್ರಂಕಿನಲ್ಲಿ ಮುಯ್ಯಿ ಪುಸ್ತಕವಿದೆ. ಉದ್ದನೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ನನ್ನ ಮದುವೆಯಿಂದ ಹಿಡಿದು ನಿಮ್ಮಪ್ಪನ ಮದುವೆಯವರೆಗೆ ಯಾರು ಏನು ಮುಯ್ಯಿ ಮಾಡಿದರು ಎಂಬುದೆಲ್ಲ ಅದರಲ್ಲಿದೆ: ಐದು ರೂಪಾಯಿ, ಹನ್ನೊಂದು ರೂಪಾಯಿ, ಒಂದು ಸ್ಟೀಲ್ ತಂಬಿಗೆ, ಒಂದು ರವಿಕೆ ಕಣ. ತಿರುಗಿ ಕೊಟ್ಟಾದ ಮೇಲೆ ಅವ್ವ ಹೆಸರಿನ ಮುಂದೆ ಗೀಟು ಎಳೆಸುತ್ತಿದ್ದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಬರೆಯುತ್ತಿದ್ದವಳು ನಾನು. ಏನೂ ಹಾಕಲಾಗದೆ ಬರಿಗೈಯಲ್ಲಿ ಬಂದವರ ಹೆಸರನ್ನೂ ಬಿಡಗೊಡುತ್ತಿರಲಿಲ್ಲ. "ಊಟಕ್ಕೆ ಬಂದಿದ್ದರು" ಎಂದು ಬರೆಸುತ್ತಿದ್ದಳು. ಅವರ ಮನೆಯಲ್ಲಿ ಮದುವೆಯಾದಾಗ ಉಳಿದವರ ಮನೆಗೆ ಹೇಗೋ ಹಾಗೆಯೇ ಸೇರು ಅಕ್ಕಿ, ಕಣ, ಕಾಯಿ ತೆಗೆದುಕೊಂಡು ಹೋಗುತ್ತಿದ್ದಳು. ನೀನು ಬರೆಯಬೇಕೆಂದಿರುವ ಸಂಸಾರ, ಕೊಡುಕೊಳ್ಳುವಿಕೆ ಎರಡೂ ಆ ಒಂದೇ ಪುಸ್ತಕದಲ್ಲಿವೆ. ಬಂದಾಗ ತೆಗೆದುಕೊಡುತ್ತೇನೆ, ಅದರಲ್ಲಿರುವ ಹೆಸರುಗಳನ್ನು ಮಾತ್ರ ಬದಲಿಸಿ ಬರೆ.

ನಮ್ಮ ಕಡೆ ಕೊಡುವ ಕೈಗಳಿಗೆ ಬರವಿಲ್ಲ. ಇಲ್ಲಿಯ ಜಿಲ್ಲಾ ಆಸ್ಪತ್ರೆಯನ್ನು ಜನ ಇಂದಿಗೂ ದಾನಿಗಳ ಹೆಸರಿನಿಂದ ಚಿಗಟೇರಿ ಆಸ್ಪತ್ರೆ ಎಂದೇ ಕರೆಯುತ್ತಾರೆ. ಹೆಣ್ಣುಮಕ್ಕಳ ಸರ್ಕಾರಿ ಪದವಿಪೂರ್ವ ಕಾಲೇಜಿಗೆ ರಾಜನಹಳ್ಳಿ ಸೀತಮ್ಮನವರ ಹೆಸರಿದೆ. ಅಲ್ಲಿ ಓದಿದ ಹುಡುಗಿಯರಲ್ಲಿ ಎಷ್ಟು ಮಂದಿ ಆ ಹೆಸರಿನ ಹಿಂದಿರುವವರ ಬಗ್ಗೆ ಕೇಳಿದ್ದಾರೆ? ಇಂಥ ಹೆಸರುಗಳ ಬೆನ್ನು ಹತ್ತಿ ಹೋದರೆ ಒಂದು ಮಾಲಿಕೆಯಾಗುವಷ್ಟು ಸರಕು ಸಿಗುತ್ತದೆ. ನಿನ್ನ ಜಿಲ್ಲೆಯ ನಾಯಕನಹಟ್ಟಿ ಜಾತ್ರೆಯಲ್ಲಿ ತೇರಿನ ಮುಕ್ತಿ ಬಾವುಟವನ್ನು ಲಕ್ಷಗಟ್ಟಲೆಗೆ ಹರಾಜು ಕೂಗುವುದನ್ನೂ ಒಮ್ಮೆ ಹೋಗಿ ನೋಡು.

ಆದರೆ ದೊಡ್ಡ ಹೆಸರುಗಳಲ್ಲೇ ನಿಂತುಬಿಡಬೇಡ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸೊಬ್ಬಳು ನಮ್ಮ ಓಣಿಯ ಹಿಂದೆ ಇದ್ದಾಳೆ. ಗಂಡ ಆಸ್ಪತ್ರೆ ಸೇರಿದಾಗ ಜೊತೆಯ ಹೆಂಗಸರು ಅವಳಿಗೆ ದುಡ್ಡು ಕೊಡಲಿಲ್ಲ, ಕೊಡಲು ಅವರ ಬಳಿ ಇರಲೂ ಇಲ್ಲ. ಅವಳ ಪಾಲಿನ ಕೆಲಸವನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಮಾಡಿ, ಅವಳ ಕೂಲಿ ನಿಲ್ಲದಂತೆ ನೋಡಿಕೊಂಡರು. ಊರದೇವತೆ ದುಗ್ಗಮ್ಮನ ಜಾತ್ರೆ ಬಂದಾಗ ಅದೇ ಹೆಂಗಸರ ಮನೆಗಳಲ್ಲಿ ನೆಂಟರಿಗೆ ಮೂರು ಹೊತ್ತು ಊಟ. ಅದಕ್ಕಾಗಿ ಮಾಡಿದ ಸಾಲ ತೀರುವುದು ಯಾವಾಗಲೋ. ಇದನ್ನು ಹೊಗಳಿಯೂ ಬರೆಯಬೇಡ, ಹಳಿದೂ ಬರೆಯಬೇಡ. ಕೂಲಿ ಎಷ್ಟು, ಅಕ್ಕಿ ಎಷ್ಟು, ಸಾಲಕ್ಕೆ ಬಡ್ಡಿ ಎಷ್ಟು ಎಂದು ಕೇಳಿ, ಇದ್ದದ್ದನ್ನು ಇದ್ದಂತೆ ಬರೆ.

ಇಲ್ಲಿಂದ ಮುಂದಿನದು ನಿನ್ನ ದಾವಣಗೆರೆ ಮಾವ ಪಕ್ಕದಲ್ಲಿ ಕುಳಿತು ಹೇಳಿ ಬರೆಸುತ್ತಿರುವುದು. ಆಡಿಟರ್ ಕಚೇರಿಯಲ್ಲಿ ದುಡಿದವರಲ್ಲವೇ. ನಿನ್ನ ಬರಹದಲ್ಲಿ "ದಾನದ ಹಣಕ್ಕೆ ಪೂರ್ತಿ ತೆರಿಗೆ ವಿನಾಯಿತಿ" ಎಂದಿದೆ. ಅದು ಸರಿಯಲ್ಲವಂತೆ. 80ಜಿ ಎಂದು ಜನ ಕರೆಯುವ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಸಾಮಾನ್ಯ ಟ್ರಸ್ಟುಗಳಿಗೆ ಕೊಟ್ಟರೆ ಕೊಟ್ಟದ್ದರಲ್ಲಿ ಅರ್ಧವನ್ನಷ್ಟೇ ಆದಾಯದಲ್ಲಿ ಕಳೆಯುತ್ತಾರೆ, ಅದಕ್ಕೂ ಮಿತಿಯಿದೆ. 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ಏನೂ ಸಿಗುವುದಿಲ್ಲ. ಟ್ರಸ್ಟಿನವರ ಕರಪತ್ರದಿಂದ ಎತ್ತಿ ಬರೆಯಬೇಡ. ನೋಂದಣಿ ಪತ್ರ, ಆಡಿಟ್ ಆದ ಲೆಕ್ಕ ಎರಡನ್ನೂ ತೋರಿಸಿ ಎಂದು ಕೇಳು. ನೆಟ್ಟಗಿರುವವರು ಕೇಳಿದ ಕೂಡಲೇ ತೋರಿಸುತ್ತಾರೆ.

ನಿನ್ನ ಸಂಭಾವನೆಯ ವಿಷಯ. "ನಮ್ಮದು ಸೇವೆಯ ಸಂಸ್ಥೆ, ನೀವೂ ಸೇವೆ ಎಂದುಕೊಂಡು ಬರೆದುಕೊಡಿ" ಎನ್ನುವವರು ಬಂದೇ ಬರುತ್ತಾರೆ. ಅವರ ಸಮಾರಂಭದ ಶಾಮಿಯಾನಕ್ಕೆ, ಮೈಕಿಗೆ, ಹಾರಕ್ಕೆ ದುಡ್ಡಿರುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ನಿನ್ನ ಜಿಲ್ಲೆಯಲ್ಲಿ ಮಕ್ಕಳ ಬಾಯಲ್ಲೂ ಇದೆ. ಆ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರೆಂದು ಜನ ಅವರನ್ನು ನೆನೆಯುತ್ತಾರೆ. ಕೆರೆಗೆ ಮಣ್ಣು ಹೊತ್ತವರಿಗೆ ಅವರವರು ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಸಿಕ್ಕಿತೆಂಬುದು ಐತಿಹ್ಯ. ಅಂಥ ಪುಣ್ಯದ ಕೆಲಸಕ್ಕೇ ಕೂಲಿ ಇತ್ತೆಂದ ಮೇಲೆ ನೀನು ಕೂಲಿ ಕೇಳಲು ನಾಚಬೇಕಾಗಿಲ್ಲ. ನಿನಗೆ ದಾನ ಮಾಡಬೇಕೆನ್ನಿಸಿದರೆ ಸಂಭಾವನೆ ಕೈಗೆ ಬಂದ ಮೇಲೆ ಮಾಡು.

ಎಷ್ಟು ಪದ, ಎಷ್ಟು ಹಣ, ಯಾವ ದಿನಾಂಕದೊಳಗೆ, ಎಷ್ಟು ಸಲ ತಿದ್ದಿಕೊಡಬೇಕು ಎಂಬುದೆಲ್ಲ ಕಾಗದದ ಮೇಲಿರಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರಳಲ್ಲದೆ ಸ್ವತಂತ್ರವಾಗಿ ಬರೆದ ಲೇಖನದ ಮೊದಲ ಒಡತಿ ನೀನೇ. ನೀನು ಸಹಿ ಮಾಡಿ ಬರೆದುಕೊಡದೆ ಆ ಹಕ್ಕು ಯಾರಿಗೂ ವರ್ಗವಾಗುವುದಿಲ್ಲ. ಬರೆದುಕೊಟ್ಟ ಪತ್ರದಲ್ಲಿ ಅವಧಿ ಕಾಣಿಸದಿದ್ದರೆ ಅದು ಐದು ವರ್ಷಕ್ಕೆ ಎಂದು ಲೆಕ್ಕ. ಹಕ್ಕು ಉಳಿಯುವುದು ಬರೆದವರ ಜೀವಮಾನ ಮತ್ತು ಆ ಮೇಲೆ 60 ವರ್ಷ, ಎಂದರೆ ನಾಳೆ ಅದು ಪುಟ್ಟನಿಗೆ ಸೇರುವ ಆಸ್ತಿ. ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದರೆ ಶೇ 10ರಷ್ಟು ತೆರಿಗೆ ಮುರಿದುಕೊಂಡು ಕೊಡುತ್ತಾರೆ. ನಿನ್ನ ಒಟ್ಟು ಆದಾಯಕ್ಕೆ ತೆರಿಗೆ ಬಾರದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬೇಕು, ಸುಮ್ಮನೆ ಬಿಡಬೇಡ.

ಹಗಲು ಪುಟ್ಟ ಮಲಗಿದಾಗ ಬರೆದುಕೋ, ರಾತ್ರಿ ನಿದ್ದೆಗೆಡಬೇಡ. ಮನೆಯಲ್ಲೇ ಇದ್ದಾಳೆ ಎಂದು ಎಲ್ಲ ಕೆಲಸವೂ ನಿನ್ನ ಮೇಲೆ ಬೀಳುವುದಾದರೆ ಅಳಿಯಂದಿರಿಗೆ ಹೇಳು, ಅವರು ಅರ್ಥ ಮಾಡಿಕೊಳ್ಳುವಂಥವರು.

ಕರಾರು ಪತ್ರದ ಒಂದು ಮಾದರಿಯನ್ನು ಮಾವ ಟೈಪ್ ಮಾಡಿಸಿ ಮುಂದಿನ ವಾರ ಕಳುಹಿಸುತ್ತಾರೆ. ಆ ಟ್ರಸ್ಟಿನವರು ತಮ್ಮದೇ ಕಾಗದ ತಂದು ಸಹಿ ಕೇಳಿದರೆ ಕೂಡಲೇ ಹಾಕಬೇಡ, ಫೋಟೋ ತೆಗೆದು ಮಾವನಿಗೆ ಕಳುಹಿಸಿ ಒಂದು ಮಾತು ಕೇಳು. ಅತ್ತೆ ಮಾವನವರಿಗೆ ನಮ್ಮಿಬ್ಬರ ನಮಸ್ಕಾರ, ಪುಟ್ಟನಿಗೆ ಮುತ್ತು.

ಇಂತಿ,
ನಿನ್ನ ಸೋದರತ್ತೆ