ಪೊಟ್ಟಣದ ಹಿಂಬದಿಯ ಲೆಕ್ಕ

ವಿರಾಜಪೇಟೆ

ಪ್ರೀತಿಯ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಳಿಯಂದಿರ ರಕ್ತದೊತ್ತಡದ ವಿಷಯ ತಿಳಿಯಿತು. ಡಾಕ್ಟರು ಹೇಳಿದ ಮೇಲೆ ಸಾರಿಗೆ ಉಪ್ಪು ಇಳಿಸಿದ್ದೀಯಂತೆ, ಅವರ ಸಂಜೆಯ ಮಿಕ್ಸ್ಚರ್ ಮಾತ್ರ ನಿಂತಿಲ್ಲವಂತೆ. ಕೇಳಿದರೆ, 'ಇದರಲ್ಲಿ ಸೋಡಿಯಂ ದಿನದ ಶೇ 12 ಅಷ್ಟೇ, ಪೊಟ್ಟಣದಲ್ಲೇ ಇದೆ' ಎನ್ನುತ್ತಾರೆಂದು ಬರೆದಿದ್ದೀಯ. ಇರುವುದು ನಿಜ. ಎಷ್ಟು ತಿಂದರೆ ಶೇ 12 ಎಂಬುದನ್ನು ಅವರು ಓದಿಲ್ಲ.

ಅದು ಒಂದು ಸರ್ವಿಂಗ್‌ಗೆ, ಅಂದರೆ ಒಂದು ಸಲಕ್ಕೆ ತಿನ್ನುವುದೆಂದು ಪೊಟ್ಟಣದಲ್ಲಿ ಹಿಡಿದ 30 ಗ್ರಾಂಗೆ. ನೀನು ಕಳಿಸಿದ ಚಿತ್ರದಲ್ಲಿ ಪೊಟ್ಟಣದ ತೂಕ 150 ಗ್ರಾಂ, 100 ಗ್ರಾಂಗೆ ಸೋಡಿಯಂ 800 ಮಿಲಿಗ್ರಾಂ. ಪೂರ್ತಿ ಮುಗಿಸಿದರೆ 1200. ವಯಸ್ಕರ ಇಡೀ ದಿನಕ್ಕೆ ಲೆಕ್ಕ ಹಿಡಿದಿರುವುದೇ 2000 ಮಿಲಿಗ್ರಾಂ, ಅಂದರೆ 5 ಗ್ರಾಂ ಉಪ್ಪು. ಹಾಗಾಗಿ ಶೇ 12 ಅಲ್ಲ, ಶೇ 60. ರಾತ್ರಿಯ ಊಟ ಇನ್ನೂ ಬಾಕಿ.

30 ಗ್ರಾಂ ತಿಂದು ಮಿಕ್ಕಿದ್ದನ್ನು ನಾಳೆಗೆ ಎತ್ತಿಡುವ ಪುಣ್ಯಾತ್ಮರು ಬೇರೆ ಊರುಗಳಲ್ಲಿ ಇರಬಹುದು. ನಮ್ಮ ಕೊಡಗಿನಲ್ಲಿ, ಅದರಲ್ಲೂ ಕಕ್ಕಡ ತಿಂಗಳ ಮಳೆಯಲ್ಲಿ, ಬಾಯಿ ಬಿಚ್ಚಿದ ಪೊಟ್ಟಣ ಕಾಫಿ ಕುಡಿದು ಮುಗಿಸುವುದರೊಳಗೆ ಮೆತ್ತಗಾಗುತ್ತದೆ. ಹಾಳಾಗುತ್ತದಲ್ಲ ಎಂಬ ನೆಪ ಸಿಕ್ಕಿತೆಂದರೆ ತಳ ಕಾಣುವವರೆಗೆ ಕೈ ನಿಲ್ಲುವುದಿಲ್ಲ.

ಸರ್ವಿಂಗ್ ಎಷ್ಟೆಂದು ಗೊತ್ತುಮಾಡುವವರು ಹೆಚ್ಚಾಗಿ ತಯಾರಕರೇ. ಒಬ್ಬರು 20 ಗ್ರಾಂ ಎಂದರೆ ಇನ್ನೊಬ್ಬರು 30 ಎನ್ನುತ್ತಾರೆ. 20 ಎಂದವರ ಪೊಟ್ಟಣದಲ್ಲಿ ಉಪ್ಪು ಹೆಚ್ಚಿದ್ದರೂ ಶೇಕಡಾವಾರು ಕಡಿಮೆ ಕಾಣಬಹುದು. ಅಮೆರಿಕದಲ್ಲಿ ಜನ ನಿಜವಾಗಿ ತಿನ್ನುವುದನ್ನು ನೋಡಿ ಸರಕಾರವೇ ಆಧಾರ ಪ್ರಮಾಣ ನಿಗದಿ ಮಾಡುತ್ತದೆ. 2016ರಲ್ಲಿ ಐಸ್‌ಕ್ರೀಮಿನ ಅಳತೆಯನ್ನು ಅರ್ಧ ಕಪ್ಪಿನಿಂದ ಕಪ್ಪಿನ ಮೂರರಲ್ಲಿ ಎರಡು ಪಾಲಿಗೆ ಏರಿಸಿದರು. ನಮ್ಮ 2020ರ ಲೇಬಲ್ ನಿಯಮದಿಂದ ಒಂದು ಉಪಕಾರವಾಗಿದೆ: ಒಂದೇ ಸಲಕ್ಕೆ ಮುಗಿಯುವ ಪೊಟ್ಟಣವಲ್ಲದಿದ್ದರೆ 100 ಗ್ರಾಂ ಅಥವಾ 100 ಮಿ.ಲೀ. ಲೆಕ್ಕ ಕೊಡಲೇಬೇಕು. ನೀನು ಆ ಸಾಲನ್ನೇ ಹಿಡಿ. ಎರಡು ಪೊಟ್ಟಣ ಹೋಲಿಸುವುದಕ್ಕೂ ಅದೇ, ನಿವ್ವಳ ತೂಕದಿಂದ ಗುಣಿಸುವುದಕ್ಕೂ ಅದೇ.

ಮಗುವಿನ ತಂಪು ಪಾನೀಯವನ್ನೂ ಹೀಗೆಯೇ ನೋಡು. 100 ಮಿ.ಲೀ.ಗೆ 11 ಗ್ರಾಂ ಸಕ್ಕರೆ ಎಂದಿದ್ದರೆ 600 ಮಿ.ಲೀ. ಬಾಟಲಿಯಲ್ಲಿ 66 ಗ್ರಾಂ. ದೊಡ್ಡವರಿಗೇ ದಿನಕ್ಕೆ ಸೇರಿಸಿದ ಸಕ್ಕರೆ 50 ಗ್ರಾಂ ಎಂದು ಲೆಕ್ಕ.

ಕಾಫಿಪುಡಿಯಲ್ಲಿ ಚಿಕೋರಿ ಶೇ 49 ಎಂದು ಕಂಡರೆ ಅಂಗಡಿಯವರ ಎದುರೇ ಮೂಗು ಮುರಿಯುವವಳು ನೀನು. ಆ ಕಣ್ಣು ಮಿಕ್ಸ್ಚರ್ ಪೊಟ್ಟಣದ ಮೇಲೂ ಬೀಳಲಿ. ಮನೆಯದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ನಿನ್ನ ದೊಡ್ಡಮ್ಮನ ಬಾಳೆಕಾಯಿ ಚಿಪ್ಸಿನ ಉಪ್ಪಿಗೆ ಲೇಬಲ್ಲೇ ಇಲ್ಲ.

ಅಳಿಯಂದಿರೊಡನೆ ವಾದಕ್ಕೆ ಇಳಿಯಬೇಡ. ಹೋಂಸ್ಟೇ ಅಡುಗೆಗೆ ತಂದ ತಕ್ಕಡಿಯಲ್ಲಿ 30 ಗ್ರಾಂ ತೂಗಿ ಬಟ್ಟಲಿಗೆ ಹಾಕಿ ಅವರ ಮುಂದಿಡು, ಉಳಿದದ್ದನ್ನು ಗಾಳಿಯಾಡದ ಡಬ್ಬಿಗೆ ತುಂಬು. ಈ ಪತ್ರವನ್ನು ಮಾತ್ರ ತೋರಿಸಬೇಡ.

ನಿನ್ನ ದೊಡ್ಡಪ್ಪ