ಪದವಿ ವಿದ್ಯಾರ್ಥಿಗಳ ದುಡಿಮೆಗೂ ಒಂದು ಪತ್ರ ಸಿಗಲಿ

ಮಾನ್ಯರೇ,

ಪದವಿಯ ಕೊನೆಯ ಸೆಮಿಸ್ಟರ್ ಪರೀಕ್ಷೆಗಳು ಮುಗಿಯುತ್ತಿದ್ದಂತೆ ಜಿಲ್ಲೆ ಜಿಲ್ಲೆಗಳಲ್ಲಿ ಉದ್ಯೋಗ ಮೇಳಗಳು ನಡೆಯುತ್ತವೆ. ಎಷ್ಟು ಕಂಪನಿಗಳು ಬಂದಿದ್ದವು, ಎಷ್ಟು ಮಂದಿ ಹೆಸರು ನೋಂದಾಯಿಸಿದರು ಎಂಬ ವಿವರ ಮರುದಿನದ ಪತ್ರಿಕೆಗಳಲ್ಲಿ ಬರುತ್ತದೆ. ಧಾರವಾಡ ಜಿಲ್ಲೆಯ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ, ನಿವೃತ್ತಿಗೆ ಮುಂಚಿನ ಕೆಲವು ವರ್ಷ ಉದ್ಯೋಗ ಮಾರ್ಗದರ್ಶನ ಕೋಶದ ಹೊಣೆಯನ್ನೂ ಹೊತ್ತಿದ್ದವನಾಗಿ, ಆ ವರದಿಗಳಲ್ಲಿ ಕಾಣಿಸಿಕೊಳ್ಳದ ಒಂದು ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಉನ್ನತ ಶಿಕ್ಷಣ ಇಲಾಖೆಯ ಮತ್ತು ಊರಿನ ವರ್ತಕರ ಗಮನಕ್ಕೆ ತರಲು ಬಯಸುತ್ತೇನೆ. ಮೇಳದಲ್ಲಿ ಸಂದರ್ಶನಕ್ಕೆ ಕುಳಿತವರು ಬಿ.ಎ., ಬಿ.ಕಾಂ. ಓದಿದವರನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ಹಿಂದೆ ಎಲ್ಲಾದರೂ ಕೆಲಸ ಮಾಡಿದ್ದೀರಾ?’ ಎಂಬುದೂ ಒಂದು. ಹೊಸಬರೇ ಬೇಕು ಎಂದು ಜಾಹೀರಾತು ಕೊಟ್ಟವರು ಕೂಡ ‘ಒಂದೆರಡು ವರ್ಷದ ಅನುಭವವಿದ್ದವರಿಗೆ ಆದ್ಯತೆ’ ಎಂಬ ಸಾಲನ್ನು ಕೆಳಗೆ ಸೇರಿಸಿರುತ್ತಾರೆ. ನಮ್ಮ ವಿದ್ಯಾರ್ಥಿಗಳು ‘ಇಲ್ಲ ಸರ್’ ಎನ್ನುತ್ತಾರೆ. ಆ ಉತ್ತರ ಎಷ್ಟೋ ಸಲ ನಿಜವಾಗಿರುವುದಿಲ್ಲ.

ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ದಿನವೂ ಬೆಳಿಗ್ಗೆ ಹಾಲು ಅಳೆದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬನ್ನು ಬಿಟ್ಟ ಘನಾಂಶ) ನೋಡಿ, ಸದಸ್ಯರ ಖಾತೆಗೆ ಬರೆದು, ಬಟವಾಡೆಯ ಪಟ್ಟಿ ಸಿದ್ಧಪಡಿಸಿಟ್ಟು ನಂತರ ಬಸ್ ಹಿಡಿದು ಕಾಲೇಜಿಗೆ ಬರುತ್ತಿದ್ದ. ಬ್ಯಾಡಗಿ ಕಡೆಯ ಇನ್ನೊಬ್ಬ, ಮೆಣಸಿನಕಾಯಿ ಆವಕ ಹೆಚ್ಚಿರುವ ತಿಂಗಳುಗಳಲ್ಲಿ ಮಾರುಕಟ್ಟೆಯ ದಿನ ತರಗತಿ ತಪ್ಪಿಸುತ್ತಿದ್ದ. ವಿಚಾರಿಸಿದಾಗ, ದಲಾಲಿ ಅಂಗಡಿಯೊಂದರಲ್ಲಿ ಲಾಟುಗಳ ಚೀಟಿ ಬರೆದು, ಇ–ಟೆಂಡರಿನ ದರ ನೋಡಿಕೊಂಡು, ತೂಕ ಮತ್ತು ಹಮಾಲಿಯ ಲೆಕ್ಕ ಹಾಕಿ ರೈತರ ಪಟ್ಟಿ ಮಾಡುವ ಕೆಲಸ ಅವನದು ಎಂದು ತಿಳಿಯಿತು. ತಂದೆಯ ಹಿಟ್ಟಿನ ಗಿರಣಿಯ ಉದ್ರಿ ಲೆಕ್ಕವನ್ನು ಒಬ್ಬಳೇ ನಿಭಾಯಿಸುತ್ತಿದ್ದ ಹುಡುಗಿ, ಸಂಜೆ ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವವನು, ಮದುವೆಯ ಹಂಗಾಮಿನಲ್ಲಿ ಕೇಟರಿಂಗ್ ತಂಡದ ಮೇಲ್ವಿಚಾರಣೆ ಮಾಡುವವನು, ಹೀಗೆ ಪ್ರತಿ ತರಗತಿಯಲ್ಲೂ ಇಂಥವರು ಸಿಗುತ್ತಾರೆ. ಇವರ ಬಯೋಡೇಟಾಗಳನ್ನು ತೆರೆದು ನೋಡಿದರೆ ಅಂತರ್ಜಾಲದಿಂದ ಇಳಿಸಿಕೊಂಡ ಒಂದೇ ಧ್ಯೇಯವಾಕ್ಯ, ಮನೆಯವರ ವಿವರ, ಕ್ರಿಕೆಟ್ ನೋಡುವ ಹವ್ಯಾಸ ಎಲ್ಲವೂ ಇರುತ್ತವೆ. ದುಡಿಮೆಯ ಮಾತು ಮಾತ್ರ ಇರುವುದಿಲ್ಲ. ದುಡಿದು ಓದುವುದನ್ನು ಹೇಳಿಕೊಳ್ಳಲು ಸಂಕೋಚ ಒಂದು ಕಾರಣ. ಹೇಳಿಕೊಂಡರೂ ತೋರಿಸಲು ಕೈಯಲ್ಲಿ ಒಂದು ಕಾಗದವೂ ಇಲ್ಲದಿರುವುದು ಅದಕ್ಕಿಂತ ದೊಡ್ಡ ಕಾರಣ.

ಕಾಗದ ಏಕಿಲ್ಲ ಎಂದರೆ, ಕೊಡಬೇಕೆಂದು ಯಾರೂ ಕೇಳುವುದಿಲ್ಲ. ನಾಳೆ ಕನಿಷ್ಠ ವೇತನ, ಪಿ.ಎಫ್. ಎಂದು ಯಾರಾದರೂ ಬಂದಾರೆಂಬ ಅಂಜಿಕೆ ಅಂಗಡಿಯ ಮಾಲೀಕರಿಗಿದೆ. ಆದರೆ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 6–ಎ ಕಲಂ, ಕೆಲಸಕ್ಕೆ ಸೇರಿಸಿಕೊಂಡವರಿಗೆ 30 ದಿನಗಳೊಳಗೆ ನೇಮಕಾತಿ ಆದೇಶ ಕೊಡಬೇಕೆಂದು ಹೇಳುತ್ತದೆ. ಅದಕ್ಕೆಂದೇ ನಿಯಮಗಳಲ್ಲಿ ನಮೂನೆ ‘ಕ್ಯೂ’ ಎಂಬ ನಮೂನೆಯೂ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ಕೂಡ ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ವಾಣಿಜ್ಯ ಕಾನೂನನ್ನು ಒಂದು ಪತ್ರಿಕೆಯಾಗಿ ಓದಿ ಅಂಕ ಪಡೆಯುವ ನಮ್ಮ ಬಿ.ಕಾಂ. ವಿದ್ಯಾರ್ಥಿಗೆ, ತಾನು ಸಂಜೆ ನಿಲ್ಲುವ ಅಂಗಡಿಗೇ ಅನ್ವಯಿಸುವ ಈ ಕಲಂ ಗೊತ್ತಿರುವುದಿಲ್ಲ. ಇದನ್ನು ಪಠ್ಯದಲ್ಲಿ ಸೇರಿಸದ ನಮ್ಮಂಥ ಅಧ್ಯಾಪಕರ ಮೇಲೂ ಇದರ ಹೊಣೆಯ ಪಾಲಿದೆ.

ಹೊಸಬರಿಗೆ ಊರಿನಲ್ಲಿ ಕೆಲಸವೇ ಇಲ್ಲ ಎನ್ನುವ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಹುಬ್ಬಳ್ಳಿಯ ಯಾವುದೇ ತೆರಿಗೆ ಸಲಹೆಗಾರರ ಕಚೇರಿಯನ್ನು ನೋಡಿ. ಜಿಎಸ್‌ಟಿಯ ಮಾಸಿಕ ವಿವರಗಳನ್ನು ಸಲ್ಲಿಸುವವರಿಗೆ ಪ್ರತಿ ತಿಂಗಳ 11 ಮತ್ತು 20ನೇ ತಾರೀಖು ಗಡುವು. ಜುಲೈ ಬಂತೆಂದರೆ ಆದಾಯ ತೆರಿಗೆ ವಿವರಗಳ ರಾಶಿ. ಅದು ಮುಗಿಯುವಷ್ಟರಲ್ಲಿ ಲೆಕ್ಕಪರಿಶೋಧನೆಯ ಕೆಲಸ. ಆ ದಿನಗಳಲ್ಲಿ ಖರೀದಿ–ಮಾರಾಟದ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ಏರಿಸಲು, ಬ್ಯಾಂಕಿನ ಖಾತೆ ವಿವರದೊಂದಿಗೆ ತಾಳೆ ನೋಡಲು ಅವರಿಗೆ ಕೈಗಳು ಬೇಕೇ ಬೇಕು. ತಪ್ಪಿಲ್ಲದೆ ಟೈಪು ಮಾಡಿ, ಅನುಮಾನ ಬಂದಲ್ಲಿ ಕೇಳುವ ಹುಡುಗ ಹುಡುಗಿಯರು ಸಿಕ್ಕರೆ ಸಾಕು ಎನ್ನುವ ಲೆಕ್ಕಪರಿಶೋಧಕರನ್ನು ನಾನು ಬಲ್ಲೆ. ಅಮರಗೋಳದ ಎ.ಪಿ.ಎಂ.ಸಿ., ಸಾರಿಗೆ ಕಂಪನಿಗಳ ಬುಕಿಂಗ್ ಕಚೇರಿಗಳು, ಪತ್ತಿನ ಸಹಕಾರ ಸಂಘಗಳು, ದೀಪಾವಳಿಯ ಹೊತ್ತಿನ ಬಟ್ಟೆ ಅಂಗಡಿಗಳು, ಆಸ್ಪತ್ರೆಗಳ ನೋಂದಣಿ ಕೌಂಟರುಗಳು, ಇವೆಲ್ಲ ಮೊದಲ ಕೆಲಸದ ತಾಣಗಳೇ. ಇವು ಯಾವ ಮೇಳಕ್ಕೂ ಬರುವುದಿಲ್ಲ, ಯಾವ ಪೋರ್ಟಲ್‌ನಲ್ಲೂ ಜಾಹೀರಾತು ಹಾಕುವುದಿಲ್ಲ. ‘ನಂಬಿಕಸ್ತ ಹುಡುಗ ಇದ್ದರೆ ಕಳಿಸಿರಿ’ ಎಂದು ಪರಿಚಿತರ ಹತ್ತಿರ ಹೇಳಿಡುತ್ತವೆ. ಪರಿಚಿತರಿಲ್ಲದ ಮನೆಯ ಮಕ್ಕಳಿಗೆ ಆ ಮಾತು ತಲುಪುವುದೇ ಇಲ್ಲ. ಮೊದಲ ಪೀಳಿಗೆಯ ಪದವೀಧರರಿಗೆ ಆ ಪರಿಚಯವನ್ನು ಒದಗಿಸುವುದು ಕಾಲೇಜಿನ ಕೆಲಸ. ಅದು ಆಗಬೇಕಾದರೆ ಉದ್ಯೋಗ ಕೋಶದ ಅಧ್ಯಾಪಕರು ಬೆಂಗಳೂರಿನ ಕಂಪನಿಗಳಿಗೆ ಇ–ಮೇಲ್ ಕಳಿಸಿ ಕಾಯುವುದರ ಜೊತೆಗೆ, ತಿಂಗಳಿಗೊಮ್ಮೆ ತಮ್ಮ ಊರಿನ ಮಾರುಕಟ್ಟೆಯನ್ನು ಸುತ್ತಿ ಬರಬೇಕು.

ಇನ್ನು ಅಪ್ರೆಂಟಿಸ್ ತರಬೇತಿಯ, ಅಂದರೆ ಭತ್ಯೆ ಪಡೆದು ಕೆಲಸ ಮಾಡುತ್ತಲೇ ಕಲಿಯುವ ವ್ಯವಸ್ಥೆಯ ವಿಷಯ. ಐ.ಟಿ.ಐ. ಓದಿದ ಹುಡುಗರಿಗೆ ಈ ದಾರಿ ಚೆನ್ನಾಗಿ ಗೊತ್ತು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದ ಅಪ್ರೆಂಟಿಸ್ ಅಧಿಸೂಚನೆ ಬಂತೆಂದರೆ ಅವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದೇ ಮಾತು. ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳು ಅದು ತಮಗೆ ಸಂಬಂಧಿಸಿದ್ದಲ್ಲ ಎಂದೇ ತಿಳಿದಿದ್ದಾರೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ, ಎಂಜಿನಿಯರಿಂಗ್ ಓದದ ಪದವೀಧರರಿಗೂ ಅವಕಾಶ ಸಿಕ್ಕಿದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಮತ್ತು ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು, ಗುತ್ತಿಗೆಯವರನ್ನೂ ಸೇರಿಸಿ ಲೆಕ್ಕ ಹಾಕಿದ ಒಟ್ಟು ಸಿಬ್ಬಂದಿ ಸಂಖ್ಯೆಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಸಿಬ್ಬಂದಿಯಿರುವವು ಇಚ್ಛಿಸಿದರೆ ತೆಗೆದುಕೊಳ್ಳಬಹುದು. ಅಂದರೆ 40 ಮಂದಿ ದುಡಿಯುವ ಒಂದು ದೊಡ್ಡ ಬಟ್ಟೆ ಮಳಿಗೆಯಲ್ಲಿ ಕನಿಷ್ಠ ಒಬ್ಬ ಅಪ್ರೆಂಟಿಸ್ ಇರಬೇಕು. ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಕೊಡಬೇಕೆಂದು ಆ ನಿಯಮಗಳು ನಿಗದಿಪಡಿಸಿದ್ದವು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ಆ ಕನಿಷ್ಠ ಮೊತ್ತದ ಅರ್ಧದಷ್ಟನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ತರಬೇತಿ ಮುಗಿದ ಮೇಲೆ ಸಿಗುವ ಪ್ರಮಾಣಪತ್ರವೇ ‘ಅನುಭವ ಉಂಟೇ?’ ಎಂಬ ಪ್ರಶ್ನೆಗೆ ಉತ್ತರ. ದಕ್ಷಿಣ ರಾಜ್ಯಗಳಲ್ಲಿ ಇದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈನಲ್ಲಿದೆ, ನೋಂದಣಿಯೆಲ್ಲ ಆನ್‌ಲೈನ್. ನಮ್ಮ ಜಿಲ್ಲೆಯ ಬೇಲೂರು, ತಾರಿಹಾಳ ಕೈಗಾರಿಕಾ ಪ್ರದೇಶಗಳ ಕಚೇರಿಗಳಲ್ಲಿ ಲೆಕ್ಕಪತ್ರ, ಉಗ್ರಾಣ, ಸಿಬ್ಬಂದಿ ವಿಭಾಗದ ಕೆಲಸಗಳಿಗೆ ಇಂಥ ಅಪ್ರೆಂಟಿಸ್‌ಗಳನ್ನು ಕಳಿಸಬಹುದೆಂಬುದು ಎಷ್ಟು ಕಾಲೇಜುಗಳ ಗಮನದಲ್ಲಿದೆಯೋ, ಪ್ರಾಚಾರ್ಯರೇ ಹೇಳಬೇಕು.

ಸರ್ಕಾರಗಳು ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ದೊಡ್ಡ ಕಂಪನಿಗಳಲ್ಲಿ 12 ತಿಂಗಳ ತರಬೇತಿಗೆ ಮಾಸಿಕ 5,000 ರೂಪಾಯಿ ಸಿಗುವ ವ್ಯವಸ್ಥೆಯಿತ್ತು. ಕುಂದಗೋಳದ ಹುಡುಗನಿಗೆ ಬೆಂಗಳೂರಿನಲ್ಲಿ ಜಾಗ ಸಿಕ್ಕರೆ ಪಿ.ಜಿ.ಯ ಬಾಡಿಗೆಗೇ ಅದು ಸಾಲದು. ಮೇಲಾಗಿ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ನಮ್ಮ ರಾಜ್ಯದ ಯುವನಿಧಿಯಲ್ಲಿ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡಲಾಗುತ್ತದೆ. ಬಡ ಮನೆಗೆ ಅದು ಆಸರೆಯೇ. ಆದರೆ ಭತ್ಯೆ ಮುಂದುವರಿಯಬೇಕಾದರೆ ಉದ್ಯೋಗದಲ್ಲಿಲ್ಲವೆಂದು ಸ್ವಯಂ ಘೋಷಣೆ ಕೊಡುತ್ತಿರಬೇಕಾದ್ದರಿಂದ, ಅರೆಕಾಲಿಕ ಸಣ್ಣ ಕೆಲಸ ಹಿಡಿದವನು ಅದನ್ನು ಇನ್ನಷ್ಟು ಮುಚ್ಚಿಡುತ್ತಾನೆ. ಮೊದಲೇ ಕಾಗದವಿಲ್ಲದ ಕೆಲಸ, ಈಗ ಬಾಯಿಬಿಟ್ಟು ಹೇಳಲೂ ಬಾರದ ಕೆಲಸವಾಗುತ್ತದೆ. ತಿಂಗಳಿಗೆ ಇಂತಿಷ್ಟು ಗಂಟೆಯವರೆಗಿನ ಅರೆಕಾಲಿಕ ದುಡಿಮೆಯಿಂದ ಭತ್ಯೆಗೆ ಬಾಧೆಯಿಲ್ಲ ಎಂಬ ಒಂದು ವಿನಾಯಿತಿ ಕೊಟ್ಟರೆ ಈ ತೊಡಕು ಬಗೆಹರಿದೀತು.

ಧಾರವಾಡದವನಾಗಿ ಸಪ್ತಾಪುರದ ಬಗ್ಗೆ ಒಂದು ಮಾತು ಹೇಳದಿರಲಾರೆ. ಉತ್ತರ ಕರ್ನಾಟಕದ ಎಲ್ಲ ಮೂಲೆಗಳಿಂದ ಬಂದ ಪದವೀಧರರು ಅಲ್ಲಿಯ ಕೋಚಿಂಗ್ ಕೇಂದ್ರಗಳಲ್ಲಿ, ತಿಂಗಳ ಬಾಡಿಗೆಯ ಓದುವ ಕೊಠಡಿಗಳಲ್ಲಿ ಪಿ.ಎಸ್.ಐ., ಎಫ್‌.ಡಿ.ಎ., ಕೆ.ಎ.ಎಸ್. ಪರೀಕ್ಷೆಗಳಿಗೆ ವರ್ಷಗಟ್ಟಲೆ ಓದುತ್ತಾರೆ. ಒಳಮೀಸಲಾತಿಯ ತೀರ್ಮಾನಕ್ಕಾಗಿ 2024ರ ಕೊನೆಯಿಂದ ಹೊಸ ನೇಮಕಾತಿ ಅಧಿಸೂಚನೆಗಳು ನಿಂತಾಗ ಅವರ ಕಾಯುವಿಕೆ ಇನ್ನೂ ಬೆಳೆಯಿತು. ಅವರ ಶ್ರಮವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ 22ಕ್ಕೆ ಪದವಿ ಮುಗಿಸಿ 28ರವರೆಗೆ ಒಂದು ದಿನವೂ ಸಂಬಳದ ಕೆಲಸ ಮಾಡದೆ ಖಾಸಗಿ ಸಂಸ್ಥೆಯ ಎದುರು ನಿಂತವನಿಗೆ ‘ಈ ಆರು ವರ್ಷ ಏನು ಮಾಡಿದಿರಿ?’ ಎಂಬ ಪ್ರಶ್ನೆ ಎದುರಾಗುತ್ತದೆ, ಮತ್ತು ಅವನು ಓದಿದ ಸಾವಿರಾರು ಪುಟ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಓದಿನ ಜೊತೆಗೆ ದಿನಕ್ಕೆ ಮೂರು ಗಂಟೆಯ, ಪತ್ರವುಳ್ಳ ಕೆಲಸವೊಂದನ್ನು ಇಟ್ಟುಕೊಳ್ಳಿರೆಂದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದಿದ್ದೇನೆ, ಕೇಳಿದವರು ಕಡಿಮೆ.

ಅನುಭವದ ಹಸಿವನ್ನು ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಕಡೆ, ಹಣ ಕಟ್ಟಿದರೆ ಮನೆಗೇ ಪ್ರಮಾಣಪತ್ರ ಕಳಿಸುವ ಆನ್‌ಲೈನ್ ವ್ಯವಹಾರ ಹುಟ್ಟಿಕೊಂಡಿದೆ. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಅದರ ಬಣ್ಣ ಬಯಲಾಗುತ್ತದೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪಿನ ಠೇವಣಿ, ತರಬೇತಿಯ ಮುಂಗಡ ಎಂದು ಕೆಲಸ ಕೊಡುವ ಮುನ್ನವೇ ಹಣ ಕೇಳುವವರು ಇನ್ನೊಂದು ಬಗೆ. ಇವೆಲ್ಲಕ್ಕಿಂತ ಅಪಾಯಕಾರಿ, ‘ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಡಿ, ಕಮಿಷನ್ ಕೊಡುತ್ತೇವೆ’ ಎನ್ನುವ ಅರೆಕಾಲಿಕ ಕೆಲಸ. ಸೈಬರ್ ವಂಚಕರು ದೋಚಿದ ಹಣ ಅಂಥ ಖಾತೆಗಳ ಮೂಲಕ ಸಾಗುತ್ತದೆ, ಮತ್ತು ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ 1930 ಸಹಾಯವಾಣಿಯ ಸಂಖ್ಯೆಯ ಜೊತೆ, ಕೆಲಸಕ್ಕಾಗಿ ಹಣ ಕಟ್ಟಬೇಡಿ, ಖಾತೆ ಕೊಡಬೇಡಿ ಎಂಬ ಎರಡು ಸಾಲು ಇರಲೇಬೇಕು.

ಓದುವ ವಯಸ್ಸಿನಲ್ಲಿ ದುಡಿಮೆಗೆ ಹಚ್ಚುವುದೇ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಬಹುದು. ವಿದ್ಯಾರ್ಥಿಗಳು ಈಗಾಗಲೇ ದುಡಿಯುತ್ತಿದ್ದಾರೆ. ಹಾಜರಾತಿ ಶೇ 75 ಇರಬೇಕೆಂಬ ನಿಯಮಕ್ಕೂ ಹೊಟ್ಟೆಪಾಡಿಗೂ ನಡುವೆ ಕದ್ದು ಮುಚ್ಚಿ ಓಡಾಡುತ್ತಿದ್ದಾರೆ. ನೆರೆಯ ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ಕಟ್ಟಿದ ರಯತ್ ಶಿಕ್ಷಣ ಸಂಸ್ಥೆಯು ‘ಗಳಿಸು ಮತ್ತು ಕಲಿ’ ಎಂಬ ಕ್ರಮವನ್ನು ಗೌರವದ ಸಂಗತಿಯನ್ನಾಗಿ ಮಾಡಿತು. ಗ್ರಂಥಾಲಯ, ಕಚೇರಿ, ತೋಟಗಳಲ್ಲಿ ದುಡಿದು ಓದಿದ ವಿದ್ಯಾರ್ಥಿಗಳ ಪರಂಪರೆಯೇ ಅಲ್ಲಿದೆ. ನಮ್ಮ ಕಾಲೇಜುಗಳ ಗ್ರಂಥಾಲಯ, ಪ್ರವೇಶಾತಿ ಸಹಾಯ ಕೇಂದ್ರ, ಗಣಕಯಂತ್ರ ಪ್ರಯೋಗಾಲಯಗಳಲ್ಲಿ ಗಂಟೆಯ ಲೆಕ್ಕದಲ್ಲಿ ವಿದ್ಯಾರ್ಥಿಗಳನ್ನು ನೇಮಿಸಿಕೊಳ್ಳಲು ಅಡ್ಡಿಯೇನು? ವೇಳಾಪಟ್ಟಿಯನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಇಟ್ಟುಕೊಂಡರೆ ಉಳಿದ ಹೊತ್ತು ಕೆಲಸಕ್ಕೆ ಒದಗುತ್ತದೆ. ಹಳ್ಳಿಯ ಹುಡುಗಿಯರಿಗೆ ಇದು ಹೆಚ್ಚು ಮುಖ್ಯ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಸ್ಸಿನ ಖರ್ಚನ್ನೇನೋ ಉಳಿಸಿದೆ. ಆದರೆ ಸಂಜೆ ಏಳರ ನಂತರ ಊರಿಗೆ ಬಸ್ಸಿಲ್ಲದಿದ್ದರೆ ಅಂಗಡಿಯ ಸಂಜೆ ಪಾಳಿಯನ್ನು ಅವರು ಒಪ್ಪಿಕೊಳ್ಳುವಂತಿಲ್ಲ.

ಆದ್ದರಿಂದ, ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಕಾಲೇಜು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ. ವಿದ್ಯಾರ್ಥಿ ಎಲ್ಲಿ, ಯಾವಾಗಿನಿಂದ, ಯಾವ ಕೆಲಸ ಮಾಡುತ್ತಿದ್ದಾನೆ ಎಂಬುದನ್ನು ಉದ್ಯೋಗ ಕೋಶವು ವಹಿಯಲ್ಲಿ ದಾಖಲಿಸಿ, ಮಾಲೀಕರಿಂದ ಖಚಿತಪಡಿಸಿಕೊಂಡು, ಕಾಲೇಜಿನ ಮೊಹರಿನೊಂದಿಗೆ ಒಂದು ಪುಟದ ಪತ್ರ ಕೊಡಲಿ. ಆ ಪತ್ರದಲ್ಲಿ ಹೊಗಳಿಕೆ ಬೇಡ. ‘ದಿನಕ್ಕೆ ಸುಮಾರು ಇಷ್ಟು ಬಿಲ್ಲು, ಇಂಥ ತಂತ್ರಾಂಶ, ನಗದು ಜವಾಬ್ದಾರಿ ಇತ್ತು’ ಎಂಬ ಸರಳ ವಿವರವಿದ್ದರೆ ಸಾಕು. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಯ ಹೆಸರನ್ನೂ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಾಯಿಸಲು ಕಾಲೇಜೇ ನೆರವಾಗಲಿ, ಮತ್ತು ವಿಶ್ವವಿದ್ಯಾಲಯಗಳು ಅಂಕಪಟ್ಟಿಗಳನ್ನು ತಡಮಾಡದಿರಲಿ, ಏಕೆಂದರೆ ಅವು ಬಾರದೆ ಆ ನೋಂದಣಿ ಮುಂದೆ ಸಾಗುವುದಿಲ್ಲ. ನಗರದ ವಾಣಿಜ್ಯೋದ್ಯಮ ಸಂಸ್ಥೆಗಳು ತಮ್ಮ ಸದಸ್ಯರಿಗೆ ನಮೂನೆ ‘ಕ್ಯೂ’ವನ್ನು ಕನ್ನಡದಲ್ಲಿ ಮುದ್ರಿಸಿ ಹಂಚಿದರೆ ಉಪಕಾರವಾದೀತು, ಅಂಥ ಕನ್ನಡ ನಮೂನೆಯನ್ನು ಸಿದ್ಧಪಡಿಸಿಕೊಡಲು ನಮ್ಮಂಥ ನಿವೃತ್ತ ಅಧ್ಯಾಪಕರು ಸಿದ್ಧರಿದ್ದೇವೆ.

ಇತಿ,
ಒಬ್ಬ ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕ,
ಧಾರವಾಡ